ಗೋಡೆಯಾಚೆಯ ಸೋಲೋ

ನನ್ನ ಗಂಡನಿಗೆ ಸಂಬಳ ಕೊಡುವುದೇ ಅನುಮಾನಪಡಲಿಕ್ಕೆ. ದೊಡ್ಡದೊಂದು ಸೂಪರ್‌ಮಾರ್ಕೆಟ್ಟಿನ ಹಿಂಭಾಗದಲ್ಲಿ ಕಿಟಕಿಯಿಲ್ಲದ ಕೋಣೆಯೊಂದಿದೆ. ಅಲ್ಲಿ ಕೂತು, ಕ್ಯಾಮೆರಾಗಳ ಚಿತ್ರವನ್ನು ಚೌಕ ಚೌಕವಾಗಿ ತೋರಿಸುವ ಟಿವಿಯಲ್ಲಿ, ಯಾರು ಶಾಂಪೂವನ್ನು ಬುಟ್ಟಿಗೆ ಹಾಕಿದರು, ಯಾರು ಕೋಟಿನ ಒಳಜೇಬಿಗೆ ಇಳಿಸಿದರು ಎಂದು ನೋಡುತ್ತಿರುವುದು ಇವರ ಕೆಲಸ. ಅದರಲ್ಲಿ ಇವರಿಗೆ ಒಳ್ಳೆಯ ಹೆಸರಿದೆ. ತೊಂದರೆ ಏನೆಂದರೆ, ಮನೆಗೆ ಬಂದು ಬೂಟು ಬಿಚ್ಚಿದರೂ ಆ ಕಣ್ಣು ಮಾತ್ರ ಡ್ಯೂಟಿ ಬಿಡುವುದಿಲ್ಲ. ಪಕ್ಕದ ಮನೆಯವರು ನಗುತ್ತಾ ಮಾತಾಡಿಸಿದರೆ 'ಏಣಿ ಬೇಕಾಗಿರಬೇಕು' ಅನ್ನುತ್ತಾರೆ. ನಾನು ಹೊಸ ಸೋಪು ತಂದರೆ ಹಳೆಯದಕ್ಕೆ ಏನಾಯಿತು ಎಂದು ಕೇಳುತ್ತಾರೆ. ನಾನು ಕನ್ನಡಕದ ಅಂಗಡಿಯವಳು, ದಿನವಿಡೀ ಜನರ ಮೂಗಿನ ಮೇಲೆ ಫ್ರೇಮು ಕೂರಿಸುತ್ತೇನೆ. ಎಂಥ ಕಣ್ಣಿಗೂ ಒಂದು ಗಾಜು ಸಿಗುತ್ತದೆ, ಇವರ ಕಣ್ಣಿಗೆ ಹೊಂದುವ ಗಾಜು ಮಾತ್ರ ನನಗೆ ಸಿಗಲಿಲ್ಲ.

ಇದನ್ನೆಲ್ಲ ನಾನು ತಮಾಷೆ ಮಾಡಿಕೊಂಡೇ ಕಾಲ ಹಾಕಿದ್ದೆ. ಇವರ ಅನುಮಾನ ನನ್ನ ತಮ್ಮನ ಮೇಲೆ ಬಂದು ಕೂತ ದಿನ ತಮಾಷೆ ನಿಂತಿತು.

ಇವರಿಗೆ ಬದುಕಿನಲ್ಲಿ ಅನುಮಾನ ಹುಟ್ಟಿಸದ ವಸ್ತು ಎಂದರೆ ಗಿಟಾರ್ ಒಂದೇ. ವಾರದ ಕೊನೆಗೆ ನಾಲ್ವರು ಸೇರಿ ಹೋಟೆಲುಗಳಲ್ಲಿ, ಪಾರ್ಟಿಗಳಲ್ಲಿ ನುಡಿಸುತ್ತಾರೆ. ಡ್ರಮ್ಸ್ ಬಾರಿಸುವವನು ಹಗಲು ಬೇಕರಿಯಲ್ಲಿ ಹಿಟ್ಟು ನಾದುತ್ತಾನೆ. ಅವನನ್ನು ಎಲ್ಲರೂ ಗುಡುಗಪ್ಪ ಎನ್ನುತ್ತಾರೆ. ಹಾಡುವವಳು ಯಾವ ಪ್ರಾಕ್ಟೀಸಿಗೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ, ಹಾಗಾಗಿ ಅವಳು ಮಹಾರಾಣಿ. ನಾಲ್ಕನೆಯವನು ನನ್ನ ತಮ್ಮ. ಹಗಲು ಲಿಫ್ಟ್ ರಿಪೇರಿ, ಸಂಜೆ ಬೇಸ್ ಗಿಟಾರ್. ದಪ್ಪನೆಯ ನಾಲ್ಕು ತಂತಿ, ತಗ್ಗಿನ ದನಿ. ಅವನು ನುಡಿಸುತ್ತಿರುವಾಗ ಯಾರ ಗಮನಕ್ಕೂ ಬರುವುದಿಲ್ಲ, ನಿಲ್ಲಿಸಿದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಮಾತೂ ಹಾಗೆಯೇ, ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಸುಮ್ಮನಾಗುತ್ತಾನೆ. ಅಮ್ಮ ಹೋದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ; ಸಾಕಿದವಳು ನಾನು. ಈಗಲೂ ವಾರದಲ್ಲಿ ಅರ್ಧ ಊಟ ನಮ್ಮ ಮನೆಯಲ್ಲೇ. ಒಡಹುಟ್ಟಿದವನು ಎಂದು ನನಗಿರುವುದು ಅವನೊಬ್ಬ. ಅವನು ನನ್ನ ಮನೆಯ ಬಾಗಿಲು ತಳ್ಳಿಕೊಂಡು ಬರುತ್ತಿರಬೇಕು, ಅಷ್ಟೇ ನನ್ನ ಆಸೆ. ಇವರ ಹಾಡು, ಇವರ ಹೆಸರು, ಅದೆಲ್ಲ ಆಮೇಲೆ.

ಬೇರೆಯವರ ಹಾಡುಗಳನ್ನೇ ನುಡಿಸಿ ಬೆರಳು ಸವೆಸಿಕೊಂಡ ಈ ನಾಲ್ವರು ಕೊನೆಗೊಮ್ಮೆ ತಮ್ಮದೇ ಒಂದು ಹಾಡು ಕಟ್ಟಿದರು. ರೆಕಾರ್ಡಿಂಗಿಗೆ ದಿನವೂ ಗೊತ್ತಾಯಿತು. ಹಾಡಿನ ಮಧ್ಯೆ ಮಹಾರಾಣಿ ಸುಮ್ಮನಾಗುವ ಜಾಗದಲ್ಲಿ ಇವರು ಒಬ್ಬರೇ ಗಿಟಾರ್ ನುಡಿಸಬೇಕು. ಅದಕ್ಕೆ ಸೋಲೋ ಎನ್ನುತ್ತಾರೆ. ಇಡೀ ಹಾಡನ್ನು ಜನ ಮರೆತರೂ ಅದೊಂದು ಕಿವಿಯಲ್ಲಿ ಉಳಿಯಬೇಕು ಎಂಬುದು ಇವರ ಹಟ.

ಇಲ್ಲಿ ಜುಟ್ಟು ಬರುತ್ತಾನೆ. ಜುಟ್ಟು ಎಂದರೆ ಇನ್ನೊಂದು ತಂಡದ ಗಿಟಾರಿಸ್ಟು, ಕೂದಲನ್ನು ಹಿಂದೆ ಎತ್ತಿ ಕಟ್ಟಿಕೊಂಡು ತಿರುಗುವವನು. ಹಳೆಯ ಸೈಕಲ್ ಗೋಡೌನೊಂದನ್ನು ಹಲಗೆ ಹೊಡೆದು ಕೋಣೆಗಳಾಗಿ ಮಾಡಿ, ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ, ಪ್ರಾಕ್ಟೀಸಿಗೆ ಬಾಡಿಗೆ ಕೊಡುತ್ತಾರಲ್ಲ, ಅಂಥದ್ದರಲ್ಲಿ ಇವರದೊಂದು ಕೋಣೆ, ಪಕ್ಕದ್ದು ಅವನದು. ಇವರು ಪ್ರಾಕ್ಟೀಸಿನಲ್ಲಿ ನುಡಿಸಿ, ವೇದಿಕೆಯ ಮೇಲೆ ಇನ್ನೂ ತಂದಿರದ ಒಂದು ತಿರುವನ್ನು ಆ ಜುಟ್ಟು ಯಾವುದೋ ಪಾರ್ಟಿಯಲ್ಲಿ ನುಡಿಸಿದನಂತೆ. ಇವರ ನೆತ್ತಿಗೇರಿತು.

"ನಮ್ಮೊಳಗಿನವರೇ ಯಾರೋ ಕೊಡ್ತಿದಾರೆ," ಅಂದರು.

"ನಿಮ್ಮ ಗೋಡೆ ಮೊಟ್ಟೆ ಟ್ರೇದು ಕಣ್ರೀ," ಅಂದೆ. "ಆ ಕಡೆ ಆಕಳಿಸಿದ್ರೆ ಈ ಕಡೆಯವರಿಗೆ ನಿದ್ದೆ ಬರುತ್ತೆ."

"ನಿನಗೆ ಗೊತ್ತಾಗಲ್ಲ ಸುಮ್ನಿರು. ಅವನದೂ ಒಂದು ಹಾಡು ರೆಕಾರ್ಡ್ ಆಗ್ತಿದೆ. ನನ್ನ ಸೋಲೋ ಅವನ ಹಾಡಲ್ಲಿ ಮೊದಲು ಹೊರಗೆ ಬಂತು ಅಂದ್ಕೋ. ಆಮೇಲೆ ಕದ್ದವನು ಅಂತ ಜನ ನನ್ನನ್ನೇ ಬೆರಳು ಮಾಡಿ ತೋರಿಸ್ತಾರೆ."

ಈ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಇಷ್ಟು ವರ್ಷ ಕಾದು ಮಾಡಿದ್ದನ್ನು ಇನ್ನೊಬ್ಬ ಎತ್ತಿಕೊಂಡು ಹೋದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಭಯಪಟ್ಟವರೆಲ್ಲ ಇವರು ಮಾಡಿದ್ದನ್ನು ಮಾಡುವುದಿಲ್ಲ.

ಒಂದು ಸಂಜೆ ನಾನು ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಇವರು ಗಿಟಾರ್ ಹಿಡಿದು ಎದುರಿಗೆ ಬಂದು ಕೂತರು. ಫೋನಿನಲ್ಲಿ ಹಾಡಿನ ತಳದ ಸದ್ದನ್ನು, ಎ ಮೈನರ್ ಎಂಬ ಒಂದೇ ಸ್ವರಗುಚ್ಛವನ್ನು, ತಿರುತಿರುಗಿ ಬರುವಂತೆ ಹಾಕಿದರು. ಅದರ ಮೇಲೆ ಒಂದು ಸೋಲೋ ನುಡಿಸಿದರು.

"ಹೇಗಿದೆ?"

"ಚೆನ್ನಾಗಿದೆ. ಅಳು ಬರುತ್ತೆ."

"ಅದು ನ್ಯಾಚುರಲ್ ಮೈನರ್ ಅನ್ನೋ ಸ್ಕೇಲು, ನಮ್ಮ ರಾಗದ ಹಾಗೆ. ಎಲ್ಲರೂ ಅಳಿಸೋಕೆ ಅದನ್ನೇ ಹಿಡೀತಾರೆ. ಈಗ ಇದನ್ನ ಕೇಳು." ಎರಡನೆಯದನ್ನು ನುಡಿಸಿದರು. ಅದೇ ದಾರಿ, ಅದೇ ಏರಿಳಿತ. ಆದರೆ ಶುರುವಿನಲ್ಲೇ ಏನೋ ಒತ್ತಿಕೊಂಡು ಬಂತು. ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗಿತ್ತು.

"ಇದು ಬೇಡಪ್ಪ. ಹೆದರಿಕೆ ಆಗುತ್ತೆ."

"ಎರಡನೇ ಸ್ವರ ಒಂದನ್ನ ಅರ್ಧ ಮೆಟ್ಟಿಲು ಕೆಳಗಿಳಿಸಿದೆ, ಅಷ್ಟೇ. ಫ್ರಿಜಿಯನ್." ಇವರ ಮುಖ ಅರಳಿತ್ತು. ಕೆಲಸದ ಕಣ್ಣು ಹೋಗಿ, ಮದುವೆಗೆ ಮುಂಚೆ ನಾನು ನೋಡಿದ್ದ ಕಣ್ಣು ಬಂದಿತ್ತು. "ಈಗ ಮೂರನೇದು. ಇದರಲ್ಲಿ ಆರನೇ ಸ್ವರವನ್ನ ಅರ್ಧ ಮೆಟ್ಟಿಲು ಮೇಲೆ ಇಟ್ಟಿದೀನಿ. ಎಫ್ ಇರೋ ಕಡೆ ಎಫ್ ಶಾರ್ಪ್. ಡೋರಿಯನ್ ಅಂತಾರೆ."

ಮೂರನೆಯದು ಶುರುವಾದಾಗ ನಾನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿಟ್ಟೆ. ಮೊದಲನೆಯದರ ದುಃಖ ಇದರಲ್ಲೂ ಇತ್ತು, ಆದರೆ ಅತ್ತು ಮುಗಿದ ಮೇಲೆ ಮುಖ ತೊಳೆದು ಹೊರಗೆ ಬಂದವರ ದುಃಖ. ಕೊನೆಯ ಸಾಲು ನೆಲಕ್ಕೆ ಇಳಿಯದೆ ಮೇಲೆಯೇ ತೂಗುತ್ತಾ ನಿಂತಿತು. ಅಂಗಡಿಯಲ್ಲಿ ಗಾಜು ಬದಲಿಸಿ ಬದಲಿಸಿ 'ಇದು ಸ್ಪಷ್ಟವೋ ಅದೋ' ಎಂದು ಕೇಳುವಾಗ, ಗಿರಾಕಿ ಒಂದು ಗಾಜಿಗೆ ತಟಕ್ಕನೆ 'ಹಾಂ!' ಎನ್ನುತ್ತಾನೆ. ನನಗೂ ಹಾಗೇ ಆಯಿತು.

"ಇದೇ ರೀ. ಇದನ್ನೇ ಇಟ್ಕೊಳ್ಳಿ. ಇನ್ನು ಹುಡುಕ್ಬೇಡಿ."

"ಇಟ್ಕೊಳ್ಳೋಕಲ್ಲ ಕಣೇ," ಅಂದರು ಇವರು, ದನಿ ತಗ್ಗಿಸಿ, ನಮ್ಮದೇ ಮನೆಯಲ್ಲಿ. "ಹಂಚೋಕೆ. ಗುಡುಗಪ್ಪನಿಗೆ ಫ್ರಿಜಿಯನ್. ಮಹಾರಾಣಿಗೆ ನ್ಯಾಚುರಲ್. ನಿನ್ನ ತಮ್ಮನಿಗೆ ಡೋರಿಯನ್. ಒಬ್ಬೊಬ್ಬರಿಗೇ ಕೇಳಿಸಿ, ಇದೇ ಫೈನಲ್ಲು, ಯಾರ ಹತ್ರನೂ ಬಾಯಿಬಿಡ್ಬೇಡ ಅಂತೀನಿ. ಆಮೇಲೆ ಜುಟ್ಟಿನ ಗಿಟಾರಿಂದ ಯಾವುದು ಹೊರಗೆ ಬರುತ್ತೆ ಅಂತ ಕಾಯೋದು. ಯಾವ ಸ್ಕೇಲು ಬಂತೋ ಆ ಮನುಷ್ಯ ಸಿಕ್ಕಿಬಿದ್ದ."

ಇಲಿಬೋನಿಗೆ ಇಡುವ ತುಂಡನ್ನು ಇಷ್ಟು ಪ್ರೀತಿಯಿಂದ ಬೇಯಿಸಿದವರನ್ನು ನಾನು ನೋಡಿರಲಿಲ್ಲ.

"ನನ್ನ ತಮ್ಮನೂ ಆ ಪಟ್ಟಿಯಲ್ಲಿ ಇದಾನಾ?"

"ಎಲ್ಲರೂ ಇದಾರೆ. ಒಬ್ಬರನ್ನ ಬಿಟ್ರೆ ಲೆಕ್ಕ ತಪ್ಪುತ್ತೆ."

"ಹಾಗಾದ್ರೆ ನನಗೆ ಮೂರನ್ನೂ ಯಾಕೆ ಕೇಳಿಸಿದ್ರಿ?"

ಇವರು ನನ್ನನ್ನು ನೋಡಿದರು. ಆ ನೋಟದಲ್ಲಿ ನಿಜವಾಗಿಯೂ ಒಂದು ಲೆಕ್ಕ ನಡೆಯುತ್ತಿತ್ತು. ನಾನು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಒಳಗೆ ಹೋದೆ.

ಗುಡುಗಪ್ಪನಿಗೆ ಬೇಕರಿಯ ಹಿಂದೆ, ಹಿಟ್ಟಿನ ಮೂಟೆಗಳ ನಡುವೆ ಕೇಳಿಸಿದರಂತೆ. ಮಹಾರಾಣಿಗೆ ಅವಳ ಕಾರಿನಲ್ಲಿ, ಗಾಜು ಏರಿಸಿಕೊಂಡು. ನನ್ನ ತಮ್ಮನಿಗೆ ನಮ್ಮ ಅಡುಗೆಮನೆಯಲ್ಲಿ. ಅವನು ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, "ಭಾವ, ಇದು ನಿಮ್ಮ ಜೀವನದಲ್ಲೇ ಒಳ್ಳೇದು," ಅಂದ. ಅವನ ಬಾಯಿಂದ ಅಷ್ಟು ಉದ್ದದ ವಾಕ್ಯ ಬಂದದ್ದನ್ನು ನಾನು ಅಪರೂಪಕ್ಕೆ ಕೇಳಿದ್ದು. ಇವರು "ಯಾರಿಗೂ ಹೇಳ್ಬೇಡ" ಅಂದರು. ಅವನು ತಲೆಯಾಡಿಸಿದ. ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಎಲ್ಲವನ್ನೂ ಅವನಿಗೆ ಅಲ್ಲೇ ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ, ಅಕ್ಕ ತಮ್ಮ ಸೇರಿಕೊಂಡರು ಎಂದು ಇವರ ಅನುಮಾನ ಇನ್ನೂ ದಪ್ಪವಾಗುತ್ತದೆ. ಸುಮ್ಮನಿದ್ದರೆ, ಏನೂ ಹೊರಬರದೆ ತಾನಾಗಿ ಕರಗುತ್ತದೆ. ಹೇಗೂ ಅವನು ಕದ್ದಿಲ್ಲವಲ್ಲ. ಹಾಗೆಂದುಕೊಂಡು ಸುಮ್ಮನಾದೆ.

ಕರಗಲಿಲ್ಲ. ಮುಂದಿನ ವಾರ ಇವರು ಪ್ರಾಕ್ಟೀಸಿಗೆಂದು ಹೋದವರು ಅದು ಶುರುವಾಗುವ ಮೊದಲೇ ಮನೆಗೆ ಬಂದರು. ಗಿಟಾರಿನ ಚೀಲವನ್ನು ಸೋಫಾದ ಮೇಲೆ ಎಸೆದರು. ಅದನ್ನು ಮಗುವಿನ ಹಾಗೆ ಮಲಗಿಸುವ ಮನುಷ್ಯ.

"ಸಿಕ್ಕಿಬಿದ್ದ," ಅಂದರು.

ನಡೆದದ್ದು ಇಷ್ಟು. ಇವರು ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದಾರೆ. ಪಕ್ಕದ ಕೋಣೆಯಲ್ಲಿ ಜುಟ್ಟು ಒಬ್ಬನೇ ನುಡಿಸುತ್ತಿದ್ದ, ಅವನ ಜೊತೆಯವರು ಇನ್ನೂ ಬಂದಿರಲಿಲ್ಲ. ಇವರು ಗೋಡೆಗೆ ಕಿವಿ ಕೊಟ್ಟರು. ಬರೀ ಗಿಟಾರು, ಒಂದೊಂದೇ ಸ್ವರ. ಎ ಇತ್ತು, ಬಿ ಇತ್ತು, ಸಿ ಇತ್ತು. ಎಫ್ ಬರಬೇಕಾದ ಕಡೆ, ಪ್ರತಿ ಸಲ, ತಪ್ಪದೆ, ಎಫ್ ಶಾರ್ಪ್.

"ಅದೇ ಟ್ಯೂನಾ?" ಎಂದು ಕೇಳಿದೆ.

"ಟ್ಯೂನು ಬದಲಾಯಿಸಿದಾನೆ. ಕಾರು ಕದ್ದವನು ನಂಬರ್ ಪ್ಲೇಟ್ ಹಾಗೇ ಇಟ್ಕೊಂಡು ಓಡಾಡ್ತಾನಾ? ಆದ್ರೆ ಸ್ವರ ಅವೇ. ಡೋರಿಯನ್. ಅದನ್ನ ನಾನು ಕೊಟ್ಟಿದ್ದು ಒಬ್ಬನಿಗೇ."

"ನನ್ನ ತಮ್ಮನನ್ನ ಕೇಳಿದ್ರಾ?"

"ಕೇಳೋದಿನ್ನೇನು? ಅವನು ಬರೋ ಮೊದಲೇ ಹೊರಟು ಬಂದೆ. ಅವನ ಮುಖ ನೋಡೋಕೆ ಆಗ್ತಿರಲಿಲ್ಲ."

ಭಾನುವಾರ ಮಧ್ಯಾಹ್ನ ತಮ್ಮ ಎಂದಿನಂತೆ ಊಟಕ್ಕೆ ಬಂದ. ಲಿಫ್ಟಿನ ಗ್ರೀಸು ಉಗುರಿನಂಚಿನಲ್ಲಿ ಉಳಿದಿತ್ತು. ಕೈತೊಳೆಯಲು ನಾನೇ ನಿಂಬೆಹೋಳು ಕೊಟ್ಟೆ. ಇವರು ತಟ್ಟೆ ಮುಟ್ಟದೆ ಅವನನ್ನೇ ನೋಡುತ್ತಿದ್ದರು. ಸೂಪರ್‌ಮಾರ್ಕೆಟ್ಟಿನಲ್ಲಿ ಕಳ್ಳರನ್ನು ಕೋಣೆಗೆ ಕರೆಸಿ ಮೊದಲು ಹೀಗೇ ಸುಮ್ಮನೆ ನೋಡುತ್ತಾರಂತೆ. ಅರ್ಧ ಜನ ಅದಕ್ಕೇ ಒಪ್ಪಿಕೊಂಡುಬಿಡುತ್ತಾರೆ ಎಂದು ಇವರೇ ಒಮ್ಮೆ ಹೆಮ್ಮೆಯಿಂದ ಹೇಳಿದ್ದರು. ನನ್ನ ತಮ್ಮ ಊಟ ಮಾಡುತ್ತಲೇ ಇದ್ದ.

"ಜುಟ್ಟಿನವನು ಏನು ಕೊಡ್ತೀನಿ ಅಂದ?" ಎಂದರು ಇವರು ಕೊನೆಗೆ.

"ಯಾವ ಜುಟ್ಟು, ಭಾವ?"

"ನಾಟಕ ಬೇಡ. ಡೋರಿಯನ್ ಸೋಲೋ ನಿನಗೊಬ್ಬನಿಗೇ ಕೇಳಿಸಿದ್ದು ನಾನು. ಅವರಿಬ್ಬರಿಗೆ ಬೇರೆ ಬೇರೆ ಕೊಟ್ಟಿದ್ದೆ. ಬೇಕು ಅಂತಲೇ. ಈಗ ಅದು ಗೋಡೆಯಾಚೆ ಕೇಳ್ತಿದೆ."

ತಮ್ಮನ ಕೈ ನಿಂತಿತು. ಅವನು ಒಂದೊಂದಾಗಿ ಕೂಡಿಸಿ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು: ಅಡುಗೆಮನೆ, ಮುಚ್ಚಿದ ಕಣ್ಣು, ತಾನು ಹೇಳಿದ ಆ ಉದ್ದದ ವಾಕ್ಯ. ಕಿವಿಯವರೆಗೂ ಕೆಂಪಾದ. ಕಳ್ಳತನ ಮಾಡಿದವನು ಹಾಗೆ ಕೆಂಪಾಗುವುದಿಲ್ಲ, ಮೋಸ ಹೋದವನು ಆಗುತ್ತಾನೆ.

"ಅದು ನನ್ನನ್ನ ಹಿಡಿಯೋಕೆ ಮಾಡಿದ್ದಾ?" ಎಂದು ಕೇಳಿದ.

"ಬಾಯಿಗೆ ಬಂದಿದ್ದು ಮಾತಾಡ್ಬೇಡಿ!" ಎಂದು ನಾನು ಇವರ ಮೇಲೆ ಹರಿಹಾಯ್ದೆ. "ನಾನು ಎತ್ತಿ ಆಡಿಸಿದ ಹುಡುಗ ಅವನು. ನಿಮ್ಮ ಅಂಗಡೀಲಿ ಶಾಂಪೂ ಕದ್ದವನಲ್ಲ." ಇನ್ನೂ ಏನೇನೋ ಅಂದೆ. ಮದುವೆಯಾದಂದಿನಿಂದ ಹೊಟ್ಟೆಗೆ ಹಾಕಿಕೊಂಡಿದ್ದೆಲ್ಲ ಆ ಊಟದ ಮೇಜಿನ ಮೇಲೆ ಬಂತು. ಇವರೂ ಬಿಡಲಿಲ್ಲ. ನಮ್ಮ ಕೂಗಾಟದ ನಡುವೆ ತಮ್ಮ ಎದ್ದು, ತಟ್ಟೆ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದದ್ದು ಬಾಗಿಲ ಸದ್ದಿನಿಂದ ತಿಳಿಯಿತು.

ಆ ವಾರ ಅವನು ಬರಲಿಲ್ಲ. ಫೋನ್ ಮಾಡಿದರೆ "ಕೆಲಸ ಇದೆ ಅಕ್ಕ" ಅನ್ನುತ್ತಿದ್ದ. ಊರಿನ ಲಿಫ್ಟುಗಳೆಲ್ಲ ಒಂದೇ ವಾರದಲ್ಲಿ ಕೆಟ್ಟು ಕೂತವೇ? ನಾನು ಅಳತೆ ತಪ್ಪಿ ಅಡುಗೆ ಮಾಡುತ್ತಿದ್ದೆ, ಉಳಿದದ್ದನ್ನು ಮರುದಿನ ಇವರಿಗೇ ಬಡಿಸುತ್ತಿದ್ದೆ. ಇವರು ತುಟಿ ಪಿಟಕ್ಕೆನ್ನದೆ ತಿನ್ನುತ್ತಿದ್ದರು. ಇವರಿಗೂ ಸುಖವಿರಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಗಿಟಾರ್ ಹಿಡಿದು ಕೂರುತ್ತಿದ್ದರು, ಬೇರೆ ಬೇರೆ ಸ್ಕೇಲಿನಲ್ಲಿ ಹೊಸ ಸೋಲೋ ಹುಡುಕುತ್ತಿದ್ದರು. ಒಂದು ಬರೀ ಜಾಣತನವಾಗುತ್ತಿತ್ತು, ಇನ್ನೊಂದು ಬರೀ ಓಟವಾಗುತ್ತಿತ್ತು. ಕೊನೆಗೆ ಬೆರಳುಗಳು ತಾವಾಗಿ ಆ ಎಫ್ ಶಾರ್ಪಿನ ಮನೆಗೇ ಹೋಗಿ ನಿಲ್ಲುತ್ತಿದ್ದವು. ಥತ್ ಎಂದು ಎದ್ದುಬಿಡುತ್ತಿದ್ದರು.

ರೆಕಾರ್ಡಿಂಗಿನ ಹಿಂದಿನ ಸಂಜೆ ಕೊನೆಯ ಪ್ರಾಕ್ಟೀಸು. ಬೇಸ್ ಇಲ್ಲದೆ ಹಾಡಿಲ್ಲ, ಹೊಸಬನನ್ನು ತರಲು ಹೊತ್ತಿಲ್ಲ. ನಾನು ತಮ್ಮನಿಗೆ ಫೋನ್ ಮಾಡಿ, "ನನಗೋಸ್ಕರ ಒಂದು ಸಲ ಬಾ. ನಾನೂ ಬಂದು ಅಲ್ಲೇ ಕೂತಿರ್ತೀನಿ," ಅಂದೆ. ಅವನು, "ಬರ್ತೀನಿ. ನನಗೂ ಅವರಿಗೆ ಒಂದು ವಿಷಯ ತೋರಿಸೋದಿದೆ," ಅಂದ. ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹೋದೆ.

ಕೋಣೆಯಲ್ಲಿ ಗುಡುಗಪ್ಪ ಡ್ರಮ್ಮಿನ ಹಿಂದೆ ಕೂತು ಬ್ರೆಡ್ಡು ತಿನ್ನುತ್ತಿದ್ದ. ಮಹಾರಾಣಿ ಅಂದು ಹೊತ್ತಿಗೆ ಸರಿಯಾಗಿ ಬಂದಿದ್ದಳು. ಅದನ್ನು ನೋಡಿಯೇ ನನಗೆ ಏನೋ ಆಗಲಿದೆ ಅನ್ನಿಸಿತು. ತಮ್ಮ ಬಂದ. ಯಾರನ್ನೂ ನೋಡದೆ ಬೇಸ್ ತೆಗೆದು, ವಯರು ಚುಚ್ಚಿ, ಶ್ರುತಿ ಸರಿಮಾಡಿಕೊಂಡ.

"ಭಾವ, ಅವತ್ತು ಅಡುಗೆಮನೇಲಿ ಕೇಳಿಸಿದ ಸೋಲೋ ನುಡಿಸಿ."

"ಯಾಕೆ?"

"ನುಡಿಸಿ."

ಇವರು ನನ್ನ ಕಡೆ ನೋಡಿದರು. ನಾನು ಕಣ್ಣಿನಲ್ಲೇ ಗದರಿದೆ. ನುಡಿಸತೊಡಗಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಗುಡುಗಪ್ಪ ಬ್ರೆಡ್ಡು ಕೆಳಗಿಟ್ಟ. "ಇದ್ಯಾವುದು? ನನಗೆ ಕೇಳಿಸಿದ್ದು ಇದಲ್ವಲ್ಲ. ಅದು ದೆವ್ವದ ಸಿನಿಮಾ ಥರ ಇತ್ತು!"

"ನನಗೂ ಇದಲ್ಲ," ಅಂದಳು ಮಹಾರಾಣಿ. ಅವಳ ಹುಬ್ಬು ನಿಧಾನವಾಗಿ ಮೇಲೇರಿತು. "ಅಂದ್ರೆ ಒಬ್ಬೊಬ್ಬರಿಗೆ ಒಂದೊಂದಾ? ಓಹೋ. ನಾವೆಲ್ಲ ನಿನ್ನ ಟಿವಿಯೊಳಗಿನ ಗಿರಾಕಿಗಳು ಅಂದ ಹಾಗಾಯ್ತು."

"ಅದು ಆಮೇಲೆ," ಅಂದ ತಮ್ಮ. "ಭಾವ, ಮತ್ತೆ ಮೊದಲಿಂದ. ನಿಲ್ಲಿಸ್ಬೇಡಿ."

ಈ ಸಲ ಅವನು ಕೆಳಗಿನಿಂದ ಒಂದೇ ಒಂದು ಸ್ವರ ಹಿಡಿದ. ಎ. ದಪ್ಪನೆಯ, ಅಲ್ಲಾಡದ ಸ್ವರ. ಅದರ ಮೇಲೆ ಇವರ ಸೋಲೋ ಅಂದು ಇಸ್ತ್ರಿ ಮಾಡುವಾಗ ಕೇಳಿದ ಹಾಗೆಯೇ ಇತ್ತು. ಮುಖ ತೊಳೆದು ಬಂದ ದುಃಖ, ಕೊನೆಯಲ್ಲಿ ಇಳಿಯದೆ ತೂಗುವ ಸಾಲು.

"ಈಗ ನಿಮ್ಮ ಬೆರಳು ಏನೂ ಬದಲಾಯಿಸ್ಬೇಡಿ. ಅದನ್ನೇ ನುಡಿಸಿ," ಎಂದ ತಮ್ಮ, ತನ್ನ ಎಡಗೈ ಮಾತ್ರ ಸರಿಸಿ ಬೇರೆ ಸ್ವರ ಹಿಡಿದ. ಇ.

ಇವರು ಅದನ್ನೇ ನುಡಿಸಿದರು, ಒಂದು ಸ್ವರವೂ ಆಚೀಚೆ ಇಲ್ಲ. ಆದರೆ ಅದು ಆ ಸೋಲೋ ಆಗಿರಲಿಲ್ಲ. ದುಃಖವೇನೋ ಇತ್ತು, ಎಲ್ಲರ ಹತ್ತಿರವೂ ಇರುವ ಮಾಮೂಲಿ ದುಃಖ. ತೂಗುತ್ತಿದ್ದ ಕೊನೆಯ ಸಾಲು ಪಟ್ಟನೆ ನೆಲಕ್ಕೆ ಬಂದು ಕೂತಿತು. ಎಫ್ ಶಾರ್ಪು ಅಲ್ಲೇ ಇತ್ತು, ಆದರೆ ಅದರ ಧೈರ್ಯ ಹೋಗಿ ಬರೀ ಒಂದು ಮೆಟ್ಟಿಲಾಗಿತ್ತು.

ಇವರ ಕೈ ತಂತಿಯ ಮೇಲೆ ನಿಂತುಬಿಟ್ಟಿತು. "ಇದು ಅವನದು," ಅಂದರು. "ಗೋಡೆಯಾಚೆ ಕೇಳಿದ್ದು... ಇದು."

"ಇ ಮೈನರ್, ಭಾವ. ಗಿಟಾರ್ ಕಲಿಯೋಕೆ ಬಂದವರಿಗೆ ಮೊದಲ ವಾರ ಹೇಳಿಕೊಡೋ ಸ್ಕೇಲು. ಅದರ ಸ್ವರಗಳೂ ನಿಮ್ಮ ಡೋರಿಯನ್ ಸ್ವರಗಳೂ ಒಂದೇ. ಕೆಳಗೆ ನಿಲ್ಲೋ ನೆಲೆ ಮಾತ್ರ ಬೇರೆ, ನಿಮ್ಮದು ಎ, ಅವರದು ಇ. ಅವತ್ತು ಗೋಡೆಯಾಚೆ ನೆಲೆ ಹಿಡಿಯೋನು ಬಂದಿರಲಿಲ್ಲ. ಬರೀ ಸ್ವರ ಕೇಳಿ, ಅದರ ಕೆಳಗೆ ನಿಮ್ಮ ನೆಲೆಯನ್ನ ನೀವೇ ಇಟ್ಕೊಂಡ್ರಿ."

ಗುಡುಗಪ್ಪ ಮೆಲ್ಲಗೆ ಸಿಳ್ಳೆ ಹೊಡೆದ. ಇದು ಇವರಿಗೆ ಗೊತ್ತಿಲ್ಲದ ವಿಷಯವಲ್ಲ. ಬಿಡುವಿದ್ದಾಗ ಮನೆಗೆ ಗಿಟಾರ್ ಕಲಿಯಲು ಬರುವ ಮಕ್ಕಳಿಗೆ ಇವರೇ ಎಷ್ಟೋ ಸಲ ಇದನ್ನು ಬಿಡಿಸಿ ಹೇಳುವುದನ್ನು ನಾನು ಒಳಗಿನಿಂದ ಕೇಳಿದ್ದೇನೆ. ಗೋಡೆಗೆ ಕಿವಿ ಹಚ್ಚಿದಾಗ ಮಾತ್ರ, ಕೇಳಬೇಕೆಂದು ಹೋದದ್ದೇ ಕೇಳಿಸಿತು.

ತಮ್ಮ ವಯರು ಸುತ್ತಿದ. "ನಾಳೆ ರೆಕಾರ್ಡಿಂಗಿಗೆ ಬರ್ತೀನಿ. ಹಾಡು ನಾಲ್ಕೂ ಜನರದ್ದು. ಸೋಲೋ ಇದನ್ನೇ ಇಡಿ, ಇದು ನಿಜವಾಗ್ಲೂ ಒಳ್ಳೇದು. ಅದಾದ ಮೇಲೆ ಬೇರೆ ಬೇಸ್‌ನವನನ್ನ ನೋಡ್ಕೊಳ್ಳಿ, ಭಾವ." ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಲಿಫ್ಟು ರಿಪೇರಿ ಮುಗಿಸಿ, ಇನ್ನು ಬಳಸಬಹುದು ಎನ್ನುವಷ್ಟು ತಣ್ಣಗೆ ಹೇಳಿದ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದ.

ಇವರು ತಲೆ ತಗ್ಗಿಸಿ ಕೂತಿದ್ದರು. ನನಗೆ ಒಳಗೊಳಗೇ ಆಸೆ ಚಿಗುರಿತು. ಈಗ ಎದ್ದು ಓಡುತ್ತಾರೆ, ಮೆಟ್ಟಿಲಲ್ಲೇ ಅವನ ಕೈ ಹಿಡಿಯುತ್ತಾರೆ, ಬೈಗುಳವೋ ಅಳುವೋ ಏನೋ ಒಂದಾಗಿ ಎಲ್ಲ ಸರಿಹೋಗುತ್ತದೆ. ಭಾನುವಾರ ಅವನು ಊಟಕ್ಕೆ ಬರುತ್ತಾನೆ. ನಾನು ಬಾಗಿಲು ತೆರೆದು ಹಿಡಿದೆ.

ಇವರು ತಲೆಯೆತ್ತಿದರು. ಕಣ್ಣು ಕಿರಿದಾಗಿತ್ತು.

"ಅಲ್ಲ ಕಣೇ," ಅಂದರು, "ಆ ಜುಟ್ಟಿನವನ ಹಾಡು ಇ ಮೈನರ್‌ನಲ್ಲಿದೆ ಅಂತ ಇವನಿಗೆ ಹೇಗೆ ಗೊತ್ತಾಯ್ತು?"

ಗುಡುಗಪ್ಪ ಕೈಯಲ್ಲಿದ್ದ ಕೋಲುಗಳನ್ನು ನೆಲಕ್ಕೆ ಬಿಟ್ಟ. "ನಿನಗೆ ತಲೆ ಕೆಟ್ಟಿದೆ," ಅಂದಳು ಮಹಾರಾಣಿ. ನಾನೂ ಏನಾದರೂ ಅನ್ನಬೇಕಿತ್ತು. ಊಟದ ಮೇಜಿನ ಮುಂದೆ ಅಷ್ಟೆಲ್ಲ ಕೂಗಾಡಿದವಳಿಗೆ ಈಗ ಬಾಯಿ ಬರಲಿಲ್ಲ. ಯಾಕೆಂದರೆ ಆ ಪ್ರಶ್ನೆ ನನ್ನ ತಲೆಯೊಳಗೂ ಹುಳದ ಹಾಗೆ ನುಸುಳಿಬಿಟ್ಟಿತ್ತು. ಹೌದಲ್ಲ. ಹೇಗೆ ಗೊತ್ತಾಯ್ತು? ಆ ವಾರವೆಲ್ಲ ಕೆಲಸ ಇದೆ, ಕೆಲಸ ಇದೆ ಎಂದನಲ್ಲ, ಎಲ್ಲಿದ್ದ? ಇಷ್ಟು ಯೋಚಿಸಿದ್ದಕ್ಕೇ ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಅವನ ಹಿಂದೆ ಓಡಿದೆ.

ಅವನು ಬಸ್ ಸ್ಟಾಪಿನಲ್ಲಿ ಬೇಸ್ ಚೀಲವನ್ನು ಕಾಲಿನ ನಡುವೆ ನಿಲ್ಲಿಸಿಕೊಂಡು ನಿಂತಿದ್ದ. ನಾನು ಓಡಿಬಂದು ಏದುಸಿರು ಬಿಡುತ್ತಾ ಪಕ್ಕದಲ್ಲಿ ನಿಂತೆ. ಹೊರಡುವಾಗ ಏನೇನೋ ಹೇಳಬೇಕೆಂದಿದ್ದೆ: ಇವರ ಪರವಾಗಿ ಕ್ಷಮೆ ಕೇಳಬೇಕು, ಭಾನುವಾರ ಬಾ ಅನ್ನಬೇಕು. ಅವನು ನನ್ನ ಮುಖ ನೋಡಿದ. ಚಿಕ್ಕಂದಿನಿಂದ ನನ್ನ ಮುಖ ನೋಡಿಕೊಂಡೇ ಬೆಳೆದವನು, ಅದರಲ್ಲಿ ಅವನಿಗೆ ತಿಳಿಯದ್ದು ಏನೂ ಇಲ್ಲ.

"ಕೇಳಿಬಿಡು ಅಕ್ಕ," ಅಂದ.

"ಏನು ಕೇಳೋದು? ಏನೂ ಇಲ್ಲ."

"ಭಾವ ಕೇಳಿರ್ತಾರೆ. ನಿನಗೂ ಅನ್ಸಿರುತ್ತೆ." ಅವನು ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದ. "ಅವತ್ತು ಭಾವ ಎದ್ದು ಹೋದ ಮೇಲೆ ನಾನು ಪ್ರಾಕ್ಟೀಸಿಗೆ ಬಂದೆ. ಯಾರೂ ಇರಲಿಲ್ಲ. ಕಾಯ್ತಾ ಕೂತಿದ್ದೆ. ಅಷ್ಟೊತ್ತಿಗೆ ಪಕ್ಕದವರ ಬೇಸ್‌ನವನೂ ಬಂದ, ಪೂರ್ತಿ ಹಾಡು ನುಡಿಸಿದ್ರು. ಮೊಟ್ಟೆ ಟ್ರೇ ಗೋಡೆ, ಅಕ್ಕ. ಯಾರಿಗೆ ಬೇಕಾದ್ರೂ ಕೇಳುತ್ತೆ. ಭಾವ ಇನ್ನೊಂದು ಸ್ವಲ್ಪ ಹೊತ್ತು ಕೂತಿದ್ರೆ ಅವರಿಗೂ ಕೇಳಿರೋದು."

ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಇಳಿದದ್ದು ಅವನಿಗೆ ಕಂಡಿತು. ಅದೇ ತಪ್ಪಾಯಿತು. ನಂಬಿದ್ದವಳಿಗೆ ಹಗುರಾಗುವಂಥದ್ದು ಏನಿರುತ್ತದೆ?

ಬಸ್ಸು ಬಂತು. ಅವನು ಚೀಲವನ್ನು ಮೊದಲು ಒಳಗೆ ತಳ್ಳಿ, ಆಮೇಲೆ ತಾನು ಹತ್ತಿದ. ಬಾಯಿಗೆ ರೂಢಿಯಾದ ಮಾತನ್ನೇ ಅಂದೆ.

"ಮನೆ ಮುಟ್ಟಿದ ಮೇಲೆ ಫೋನ್ ಮಾಡೋ."

ಅವನು ಬಾಗಿಲ ಕಂಬಿ ಹಿಡಿದು ತಿರುಗಿದ. ಸಿಟ್ಟೇನೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವನ ಹಾಗೆ ಕೇಳಿದ.

"ಮುಟ್ಟಿದೆ ಅಂದ್ರೆ ನಂಬ್ತೀಯಾ?"

ಬಸ್ಸಿನ ಬಾಗಿಲು ಮುಚ್ಚಿತು. ನಾನು 'ನಂಬ್ತೀನಿ' ಎಂದು ಕೂಗಿದೆ. ಆಗಲೇ ಬಸ್ಸು ಹೊರಟಿತ್ತು, ಅವನು ಮುಖ ಆ ಕಡೆ ಮಾಡಿ ಸೀಟು ಹುಡುಕುತ್ತಿದ್ದ.